ಎಮ್ಮೆ ಕೂತ ರಸ್ತೆ

ವಿಧಾನಸಭೆ ಮೊಬೈಲಿನಲ್ಲಿ ಕಾಣಿಸತೊಡಗಿದ್ದೇ ನಮ್ಮ ಮನೆಯವರಿಗೆ ಹಬ್ಬವಾಯಿತು. ಅಧಿವೇಶನ ಶುರುವಾದರೆ ಫೋನನ್ನು ತಂಬಿಗೆಗೆ ಒರಗಿಸಿ ನೇರಪ್ರಸಾರ ಹಚ್ಚುವರು. ಮಂತ್ರಿಗಳಿಗೆ ಕೇಳಿಸುತ್ತದೇನೋ ಎಂಬಂತೆ ಪಡಸಾಲೆಯಿಂದಲೇ ಕೂಗಾಡುವರು. ಹಸಿವಾದರೆ ನನ್ನ ಕಡೆ ತಿರುಗುವರು.

“ಸನ್ಮಾನ್ಯ ಅಧ್ಯಕ್ಷರ, ರೊಟ್ಟಿ ವಿಷಯ ಮಾತಾಡಾಕ ಅವಕಾಶ ಕೊಡ್ರಿ.”

“ನಿಮ್ಮ ಟೈಮ್ ಮುಗೀತು, ಕುಂದರ್ರಿ,” ಅನ್ನುತ್ತಿದ್ದೆ.

ಅವರದು ಒಂದೇ ಹಟ. ಅಕ್ಕಿಆಲೂರಿನ ಹತ್ತಿರದ ನಮ್ಮ ಹಳ್ಳಿಯ ರುದ್ರಭೂಮಿಗೆ ಗಟ್ಟಿ ರಸ್ತೆ ಆಗಬೇಕು. ಬೆನ್ನು ಹತ್ತಿ ಶಾಸಕರಿಂದ ಸದನದಲ್ಲಿ ಪ್ರಶ್ನೆಯನ್ನೂ ಹಾಕಿಸಿದರು. ಉತ್ತರ ಬರುವುದರೊಳಗೆ ತಾವೇ ಆ ದಾರಿಯಲ್ಲಿ ಹೋದರು. ಹೂವಿನ ವಿಮಾನದಲ್ಲಿ ಕೂರಿಸಿ ಮಣ್ಣಿಗೆ ಹೊತ್ತವರು ಕೆಸರಿನಲ್ಲಿ ಜಾರಿ ಜಾರಿ ನಡೆದರು.

ಉತ್ತರದ ದಿನ ಫೋನನ್ನು ನಾನೇ ತಂಬಿಗೆಗೆ ಒರಗಿಸಿದೆ. ಮಂತ್ರಿಗಳು ಎದ್ದು, “ಕಾಮಗಾರಿ ಪೂರ್ಣಗೊಂಡಿದೆ, ಫೋಟೋ ಕೂಡ ಬಂದಿದೆ” ಎಂದರು. ಜೀವನದಲ್ಲಿ ಮೊದಲ ಸಲ ನಾನೂ ಫೋನಿಗೆ ಬೈದೆ.

ಪಕ್ಕದ ಮನೆಯ ನೆಗೆಣ್ಣಿಯನ್ನು, ಅಂದರೆ ಮೈದುನನ ಹೆಂಡತಿಯನ್ನು, ಕರೆದುಕೊಂಡು ರಸ್ತೆಗೆ ನಡೆದೆ. ಉದ್ಯೋಗ ಖಾತ್ರಿ ಕೆಲಸದಲ್ಲಿ ಹಾಜರಿ ಹಿಡಿಯುವವಳು ಅವಳು. ತಾರೀಖು, ಜಾಗ ಎರಡೂ ಮೂಡುವಂತೆ ಫೋಟೋ ತೆಗೆಯುವುದು ಅವಳಿಗೆ ರೂಢಿ. ನೋಡಿದರೆ ದಾರಿಯ ನಡುವಿನ ನೀರಿನಲ್ಲಿ ನಮ್ಮದೇ ಎಮ್ಮೆ ಆರಾಮಾಗಿ ಕೂತಿತ್ತು.

“ಅಕ್ಕಾ, ನಿಮ್ಮ ಎಮ್ಮಿ ಎಬ್ಬಸ್ರಿ. ಮಂತ್ರಿಗಳು ನೋಡೂ ಫೋಟೋ ಇದು.”

“ಇರ್ಲಿ ಬಿಡವಾ. ಗುಂಡಿ ಎಷ್ಟು ಆಳ ಐತಿ ಅಂತ ಅದ ತೋರಸ್ತೈತಿ.”

ಫೋಟೋ ಶಾಸಕರ ವಾಟ್ಸಾಪಿಗೆ ಹೋಯಿತು. ಅದೇ ವಾರ ಅವರು ಎದ್ದು ನಿಂತು, “ಪೂರ್ಣಗೊಂಡ ರಸ್ತೆಯಲ್ಲಿ ಎಮ್ಮೆ ಈಜುತ್ತಿದೆ, ಅಧ್ಯಕ್ಷರೇ” ಎಂದರು. ಸದನವೆಲ್ಲ ನಕ್ಕಿತು. ಮಂತ್ರಿಗಳೂ ನಕ್ಕು, ತಪಾಸಣೆ ಮಾಡಿಸುತ್ತೇನೆ ಎಂದರು. ಬೇರೆ ಯಾವುದೋ ಊರಿನ ರಸ್ತೆಯ ಫೋಟೋ ನಮ್ಮೂರಿನ ಹೆಸರಿನಲ್ಲಿ ಇಲಾಖೆಗೆ ಹೋಗಿತ್ತಂತೆ. ಫೋನ್ ನೋಡುತ್ತಿದ್ದ ನಾನೂ ನಗುತ್ತಲೇ ಪಕ್ಕಕ್ಕೆ ತಿರುಗಿದೆ. ನಮ್ಮ ಮನೆಯವರು ಕೂರುತ್ತಿದ್ದ ಮಣೆ ಖಾಲಿ ಇತ್ತು.

ಮಳೆ ನಿಂತ ಮೇಲೆ ಖಡಿ ಬಿತ್ತು, ರೋಲರ್ ಓಡಾಡಿತು. ಆಮೇಲಿನ ಸೋಮವಾರ ಚಪ್ಪಲಿ ಕೈಯಲ್ಲಿ ಹಿಡಿಯದೆ ಅವರ ಸಮಾಧಿಯವರೆಗೂ ನಡೆದು ಹೋದೆ. ಪತ್ರಿ ಏರಿಸಿದೆ. ಫೋನನ್ನು ಕಲ್ಲಿಗೆ ಒರಗಿಸಿ ಎಮ್ಮೆಯ ಚರ್ಚೆ ಹಚ್ಚಿದೆ. ಸದನ ಮತ್ತೊಮ್ಮೆ ನಕ್ಕಿತು, ವಿಡಿಯೋ ಮುಗಿಯಿತು.

“ಈಗ ನೀವು ಮಾತಾಡ್ರಿ,” ಅಂದೆ. “ಟೈಮ್ ಭಾಳ ಐತಿ.”