ಓರೆ ಕಿಂಡಿಯ ಏರ್‌ಗನ್

ನೆಟ್ಟಗಿಲ್ಲದ್ದು ಕಣ್ಣಿಗೆ ಬಿದ್ದರೆ ನನಗೆ ಸುಮ್ಮನೆ ಕೂರಲಾಗುವುದಿಲ್ಲ. ಬೀಗರ ಮನೆಯ ಗೋಡೆಯಲ್ಲಿ ಫೋಟೋ ವಾಲಿದ್ದರೂ ಎದ್ದುಹೋಗಿ ಸರಿಮಾಡುವವನು ನಾನು. ಈ ಚಟಕ್ಕಿಷ್ಟು ಬೆಂಕಿ ಬೀಳಲಿ!

ರಾಣೆಬೆನ್ನೂರಿನಲ್ಲಿ ನನ್ನದೊಂದು ಗಡಿಯಾರ ರಿಪೇರಿ ಅಂಗಡಿಯಿತ್ತು. ಮೊಬೈಲ್ ಬಂದು, ಜನ ಕೈಗಡಿಯಾರ ಬಿಚ್ಚಿಡತೊಡಗಿದ್ದ ವರ್ಷಗಳು ಅವು. ಕೆಲಸವಿಲ್ಲದೆ ಕೈ ತುರಿಸುತ್ತಿತ್ತು. ಒಂದು ರವಿವಾರ ನಮ್ಮೂರು ಹಲಗೇರಿಯ ಹೊಲಕ್ಕೆ ಹೋದಾಗ ಅಪ್ಪನ ಹಳೆಯ ಏರ್‌ಗನ್ ನನ್ನ ಕೈಗೆ ಸಿಕ್ಕಿತು.

ಅಪ್ಪ ಬೀಜಕ್ಕಾಗಿ ಟೊಮ್ಯಾಟೊ ಬೆಳೆಯುತ್ತಿದ್ದ. ಹೆಣ್ಣಾಳುಗಳು ಒಂದೊಂದೇ ಹೂವಿಗೆ ಕೈಯಾರೆ ಪರಾಗ ಮುಟ್ಟಿಸಿ ಕಾಯಿ ಹಿಡಿಸಿದ ಗಿಡಗಳು. ಮಂಗಗಳ ಹಿಂಡು ಒಮ್ಮೆ ನುಗ್ಗಿದರೆ ಇಡೀ ಹಂಗಾಮಿನ ದುಡಿಮೆ ಮಣ್ಣುಪಾಲು. ಅವನ್ನು ಓಡಿಸಲೆಂದೇ ಆ ಗನ್ ಇತ್ತು. ಆದರೆ ನಾನು ಕಂಡಂತೆ ಅಪ್ಪನ ಗುಂಡು ಒಂದು ಮಂಗಕ್ಕೂ ತಾಗಿದ್ದಿಲ್ಲ. ಪಕ್ಕದ ಟೊಂಗೆಯ ನಾಲ್ಕು ಎಲೆ ಉದುರುತ್ತಿದ್ದವು, ಮಂಗಗಳು ಕಿರುಚಿ ಓಡುತ್ತಿದ್ದವು, ಅಷ್ಟೇ.

"ಅಪ್ಪಾ, ನಿನ್ನ ಗುರಿ ನೋಡಿ ಮಂಗ್ಯಾಗೋಳೂ ನಗತಾವ ನೋಡ" ಎಂದು ನಾನು ಕಾಡಿಸಿದರೆ ಮೀಸೆಯೊಳಗೇ ನಗುತ್ತಿದ್ದ.

ಅವತ್ತು ಅವನು ಊಟಕ್ಕೆ ಮನೆಗೆ ಹೋದಾಗ ಗನ್ ತಿರುವಿ ನೋಡಿದೆ. ಗುರಿ ನೋಡುವ ತಗಡಿನ ಕಿಂಡಿ ಎಡಕ್ಕೆ ವಾಲಿತ್ತು, ಕಟ್ಟಿಗೆಯ ಹಿಡಿಕೆ ಸಡಿಲಾಗಿತ್ತು. ಅಯ್ಯ, ಇಷ್ಟೇನಾ! ಚೀಲದಲ್ಲಿದ್ದ ನನ್ನ ಸಣ್ಣ ಇಕ್ಕಳದಿಂದ ಕಿಂಡಿಯನ್ನು ಕೂದಲೆಳೆಯಷ್ಟಷ್ಟೇ ಸರಿಸಿದೆ, ಹಿಡಿಕೆಯ ಕೆಳಗೆ ಸೈಕಲ್ ಟ್ಯೂಬಿನ ತುಂಡಿಟ್ಟು ಬಿಗಿ ಮಾಡಿದೆ. ಬದುವಿನ ಮೇಲೆ ಕಡ್ಡಿಪೆಟ್ಟಿಗೆ ಇಟ್ಟು ಹೊಡೆದರೆ ಮೂರಕ್ಕೆ ಮೂರೂ ತಾಗಿದವು. ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಅಪ್ಪ ತಾನೇ ಕಂಡು ಬೆರಗಾಗಲಿ ಎಂದು ಹೇಳದೆ ಸುಮ್ಮನಾದೆ. ತಾಗಿದರೆ ಏನಾದೀತು ಎಂಬುದು ಈ ಶ್ಯಾಣ್ಯಾನ ತಲೆಗೆ ಹೊಳೆಯಲೇ ಇಲ್ಲ.

ಇಳಿಹೊತ್ತಿಗೆ ಹಿಂಡು ಬಂತು. ಬೇವಿನ ಮರದಲ್ಲಿ ಕೂತಿದ್ದ ದೊಡ್ಡ ಮಂಗದ ಕಡೆಗೆ ಅಪ್ಪ ಎಂದಿನಂತೆ ಗನ್ ಎತ್ತಿದ. ಟಪ್ ಎಂದಿತು. ಎಲೆ ಉದುರಲಿಲ್ಲ. ಮಂಗ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿತು, ಆಮೇಲೆ ತಲೆ ಕೆಳಗಾಗಿ ಮರದಡಿಯ ಬಾವಿಯ ಕಲ್ಲಿನ ಮೇಲೆ ಬಿತ್ತು. ಮತ್ತೆ ಏಳಲಿಲ್ಲ.

ಶನಿವಾರ ಹನುಮಪ್ಪನಿಗೆ ಕಾಯಿ ಒಡೆಸದೆ ತುತ್ತು ಮುಟ್ಟದ ಅಪ್ಪ, ಗನ್ ಬಿಸಾಕಿ ಓಡಿ, ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು "ನೀರ ತಾರೋ, ಲಗೂ ನೀರ ತಾ" ಎಂದು ಕೂಗುತ್ತಿದ್ದ. ನೀರು ತಂದೆ. ಅದು ಬಾಯಿ ತೆರೆಯಲಿಲ್ಲ.

ಮರುದಿನ ಊರವರು ಸತ್ತ ಮಂಗಕ್ಕೆ ಮಾಡುವುದನ್ನೆಲ್ಲ ಮಾಡಿದರು. ಹೊಸ ಬಟ್ಟೆ ಹೊದಿಸಿ, ಕುಂಕುಮ ಹಚ್ಚಿ, ಟ್ರ್ಯಾಕ್ಟರಿನಲ್ಲಿ ಕೂರಿಸಿ, ಹಲಗೆ ಬಾರಿಸುತ್ತ, ಭಜನೆ ಹಾಡುತ್ತ ಒಯ್ದು ಹನುಮಪ್ಪನ ಗುಡಿಯ ಹಿಂದೆ ಮಣ್ಣು ಮಾಡಿದರು. ಅಪ್ಪ ಮೀಸೆ ಬೋಳಿಸಿಕೊಂಡು ಮುಂದೆ ನಡೆದ. ಕೇಳಿದವರಿಗೂ ಕೇಳದವರಿಗೂ ಒಂದೇ ಮಾತು: "ನಾನ ಹೊಡದೇನ್ರಿ. ನನ್ನ ಕೈಲೆನ ಸತ್ತೈತಿ."

ಮಣ್ಣು ಕೊಟ್ಟು ಬಂದು ಪಂಪ್‌ಸೆಟ್ಟಿನ ಬಳಿ ಕೈಕಾಲು ತೊಳೆಯುವಾಗ ಇನ್ನು ತಡೆಯಲಾಗದೆ ಬಾಯಿಬಿಟ್ಟೆ. "ಅಪ್ಪಾ, ನಿನ್ನ ತಪ್ಪಲ್ಲ. ಗನ್ನಿನ ಕಿಂಡಿ ಓರೆ ಇತ್ತು. ನಾನ ನೆಟ್ಟಗ ಮಾಡಿದ್ದೆ."

ಅಪ್ಪ ಪಂಪ್ ನಿಲ್ಲಿಸಿದ.

"ಅದನ್ನ ಓರೆ ಮಾಡಿದಾಂವ ನಾನಪಾ" ಎಂದ. "ತಂದ ದಿನಾನ ಸುತ್ತಿಗಿಲೆ ಬಡದಿದ್ದೆ. ಮಂಗ್ಯಾ ಭಾಳ ಶ್ಯಾಣ್ಯಾ ಇರತೈತಿ. ಗನ್ನಿನ ನಳಗಿ ತನ್ನ ಎದಿಗೆ ನೆಟ್ಟಗ ಹಿಡದಂಗ ಕಂಡ್ರಷ್ಟ ಹೆದರತೈತಿ. ಹೆದರಬೇಕು, ತಾಗಬಾರದು, ಅದಕ್ಕ. ಒಂದ ಮಾತು ನನ್ನ ಕೇಳಬಾರದಿತ್ತೇನೋ?"

ಬೈದಿದ್ದರೆ, ಒಂದು ಬಾರಿಸಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವನು ಬೈಯಲಿಲ್ಲ. ಮುಂದಿನ ಶನಿವಾರ ನನ್ನನ್ನೂ ಕರೆದುಕೊಂಡು ಗುಡಿಗೆ ಹೊರಟ. ಹೊಸ್ತಿಲಿನ ಹತ್ತಿರ ಬಂದು ನಿಂತುಬಿಟ್ಟ. ಕಾಯಿಯನ್ನು ನನ್ನ ಕೈಗಿಟ್ಟು, "ನೀ ಒಡಿಸ್ಕೊಂಡ ಬಾ. ನಾ ಒಳಗ ಬರಾಂಗಿಲ್ಲ" ಎಂದ. ಸಾಯುವವರೆಗೂ ಅಪ್ಪ ಆ ಹೊಸ್ತಿಲು ದಾಟಲಿಲ್ಲ.