ಬಾವಿಗೆ ಹೋದ ಬೇರು

ಗಾಜಿಪುರದ ನಮ್ಮ ಹಿತ್ತಲದಾಗಿನ ಹುಣಸಿಮರ ಒಂದು ಬ್ಯಾಸಿಗಿಯ ಗಾಳಿಗೆ ಮುರಿದು ಬಿತ್ತು. ದಿಮ್ಮಿ ಕಡಿದು ಒಲೆಗೆ ಹಾಕಿದ್ದಾಯಿತು. ಬೊಡ್ಡೆ ಮಾತ್ರ ಉಳಿಯಿತು, ನಾಲ್ಕು ಮಂದಿ ಬೆನ್ನಿಗೆ ಬೆನ್ನು ಕೊಟ್ಟು ಕೂಡುವಷ್ಟು ಅಗಲ. ನೋಡಿದವರಿಗೆಲ್ಲ ಒಂದೊಂದು ಉಪಾಯ ಹೊಳೆಯುತ್ತಿತ್ತು. ಉಪ್ಪು ಸುರೀರಿ ಎಂದರು ಒಬ್ಬರು, ತೊಗರಿ ಹೊಟ್ಟು ಒಟ್ಟಿ ಸುಡ್ರಿ ಎಂದರು ಇನ್ನೊಬ್ಬರು. ಬೆಲ್ಲದ ನೀರು ಹೊಯ್ದರೆ ಗೆದ್ದಲು ಬಂದು ತಿಂದು ಹೋಗುತ್ತವೆ ಎಂದು ಬಾಜೂ ಮನೆಯ ವಕೀಲರು ಹೇಳಿದರು. ಬೊಡ್ಡೆ ಮುಗಿಸಿದ ಗೆದ್ದಲು ನಮ್ಮ ತಲಬಾಗಿಲಿಗೆ ಕೈಹಚ್ಚುವುದಿಲ್ಲ ಎಂದು ಅವುಗಳ ಪರವಾಗಿ ಯಾರು ಬರೆದುಕೊಡುತ್ತಾರೋ, ಅದನ್ನು ಹೇಳಲಿಲ್ಲ. ಇವರೆಲ್ಲರ ಮಾತನ್ನು ಅವರವರ ದನಿಯಲ್ಲೇ ಅಜ್ಜಿಗೆ ಒಪ್ಪಿಸುವುದು ನನ್ನ ಕೆಲಸ. ಆಕೆಗೆ ಕಣ್ಣು ಮಂಜಾಗಿದ್ದವು, ಕಿವಿ ಚುರುಕಾಗಿತ್ತು. ಬೇರೆ ಕೆಲಸ ಅಂತ ನನಗೂ ಇರಲಿಲ್ಲ. ಉರ್ದು ಇಸ್ಕೂಲು ಮುಗಿದಿತ್ತು, ನೌಕರಿ ಸಿಕ್ಕಿರಲಿಲ್ಲ. ಕೂತಲ್ಲಿ ಕೂಡದ, ನಿಂತಲ್ಲಿ ನಿಲ್ಲದ ಹತ್ತೊಂಬತ್ತು ನನಗೆ.

ಅವ್ವನ ತವರು ಕಮಲಾಪುರ. ಅಲ್ಲಿಯ ಕೆಂಪು ಬಾಳೆ ತನ್ನ ಹಿತ್ತಲದಾಗೂ ಇರಬೇಕೆಂಬುದು ಆಕೆಯ ಬಹಳ ದಿನದ ಆಸೆ. ನಮ್ಮ ಎರಿಮಣ್ಣಿನಾಗ ನೀರು ಹರಿದುಬರುವ ಜಾಗ ಒಂದೇ, ಬಾವಿಯ ಬಾಜೂಕ. ಅಲ್ಲೇ ಬೊಡ್ಡೆ ಕೂತಿತ್ತು. ಕಡೆಗೆ ಸೋದರಮಾವ ಮೂರು ಬಾಳೆಕಂದು ಹಸಿ ಗೋಣಿಯಲ್ಲಿ ಸುತ್ತಿಕೊಂಡು ಬಂದ. ಜತೆಗೆ ತಮ್ಮೂರ ಬೊಡ್ಡೆ ಕೀಳುವವನನ್ನೂ ಕರಕೊಂಡು ಬಂದ.

ಐವತ್ತು ದಾಟಿದ ಆಸಾಮಿ. ಬೊಡ್ಡೆಯ ಸುತ್ತ ಸೊಂಟಮಟ ತಗ್ಗು ತೋಡಿ, ನೀರು ಬಿಟ್ಟು ಮಣ್ಣು ಸಡಲಿಸಿ, ಬೇರುಗಳನ್ನು ಬಯಲಿಗೆ ತಂದ. ಕಡಿಯುವ ಮುಂಚೆ ಪ್ರತಿ ಬೇರಿಗೂ ಕೊಡಲಿಯ ಹಿಂಭಾಗದಿಂದ ತಟ್ಟಿ, ಬಗ್ಗಿ ಕಿವಿಗೊಡುತ್ತಿದ್ದ. ನಾಡಿ ನೋಡುವ ಹಕೀಮನ ಹಾಗೆ ಎಂದು ನಾನು ಆತನ ಎದುರೇ ಅಣಕಿಸಿ ತೋರಿಸಿದೆ. ಆತ ತಲೆ ಎತ್ತಲಿಲ್ಲ. ಬಾವಿಯ ಕಡೆ ಹೋದ ತೊಡೆಗಾತ್ರದ ಬೇರಿಗೆ ಮಾತ್ರ ನಾಲ್ಕು ಸರ್ತಿ ತಟ್ಟಿದ. ಅದು ಬಾವಿಯ ಕಲ್ಲುಕಟ್ಟಡದೊಳಗೆ ಹೊಕ್ಕು, ಸಡಲಿದ ಕಲ್ಲುಗಳನ್ನು ತಾನೇ ಹಿಡಿದು ನಿಂತಿದೆ, ಗೌಂಡಿ ಬಂದು ಕಲ್ಲು ಕಟ್ಟಿ ಆಸರ ಕೊಡುವ ತನಕ ಮುಟ್ಟಬಾರದು ಎಂದ. ಅಪ್ಪ ಒಪ್ಪಿದರು. ತಾವು ಹೇಳಿದ ಮ್ಯಾಲೇ ಕಡಿಯಬೇಕೆಂದು ತಾಕೀತು ಮಾಡಿ ಕಚೇರಿಗೆ ಹೋದರು. ಆ ಬಾವಿಯ ಸಿಹಿನೀರೇ ನಾಲ್ಕು ಮನೆಗೆ ಕುಡಿಯಲಿಕ್ಕೆ.

ಗೌಂಡಿ ನಾಳೆ ನಾಳೆ ಅನ್ನುತ್ತ ನಾಲ್ಕು ದಿನ ತಳ್ಳಿದ. ಅವ್ವ ತಾಸಿಗೊಮ್ಮೆ ಗೋಣಿಗೆ ನೀರು ಚಿಮುಕಿಸುತ್ತಿದ್ದಳು. ಕಂದುಗಳ ತುದಿ ಆಗಲೇ ಸುರುಟಿತ್ತು. ನಾನು ಪಡಸಾಲೆಯಿಂದ ಹಿತ್ತಲಕ್ಕೆ, ಹಿತ್ತಲದಿಂದ ಪಡಸಾಲೆಗೆ ತಿರುಗಿದೆ. ಕೊಡಲಿ ತೊಡೆಯ ಮ್ಯಾಲಿಟ್ಟುಕೊಂಡು ಆತ ಅಷ್ಟು ಸಮಾಧಾನದಿಂದ ಕೂತದ್ದೇ ನನಗೆ ತುರಿಕೆ ಹಚ್ಚಿತು. ಐದನೇ ದಿನ ಮಧ್ಯಾಹ್ನ ದನದ ಕೊಟ್ಟಿಗೆಯ ಗೋಡೆಯ ಹಿಂದೆ ನಿಂತು ಅಪ್ಪನ ಹಾಗೆ ಎರಡು ಸರ್ತಿ ಕೆಮ್ಮಿದೆ. ಅಪ್ಪನ ಪ್ರತಿ ಹುಕುಂ ಆ ಕೆಮ್ಮಿನಿಂದಲೇ ಶುರುವಾಗುವುದು. ಆಮೇಲೆ ಅವರದೇ ದನಿಯಲ್ಲಿ ಹೇಳಿದೆ:

“ಖೈರ್, ಕಡಿ. ನಾ ನೋಡ್ಕೋತೀನಿ.”

ಆತ ಗಡಬಡಿಸಿ ಎದ್ದು ನಿಲ್ಲಬೇಕು, ನಾನು ಹೊರಗೆ ಬಂದು ನಗಬೇಕು. ನನ್ನ ಲೆಕ್ಕ ಅಷ್ಟೇ ಇತ್ತು. ನಗುವುದಕ್ಕೆ ಬಾಯಿ ಸರಿಮಾಡಿಕೊಂಡು ಬರುವಷ್ಟರಲ್ಲಿ ಮೂರು ಏಟು ಬಿದ್ದಿದ್ದವು. ಬೇರು ತುಂಡಾಯಿತು. ಒಂದು ಕಲ್ಲು, ಅದರ ಹಿಂದೊಂದು, ಆಮೇಲೆ ಬಾವಿಯ ಅರ್ಧ ಕಟ್ಟೆ ಗುಡುಗುಡು ನೀರಿಗೆ ಇಳಿಯಿತು. ನಾನು ಕೊಟ್ಟಿಗೆಯಿಂದ ಹೊರಗೆ ಬರಲೇ ಇಲ್ಲ.

ಸಂಜೆ ಅಪ್ಪ ಬಂದು ರಾಡಿಯಾದ ನೀರು ನೋಡಿದರು. ಆತ ಎದ್ದು ನಿಂತು, “ನೀವ ಕಡಿ ಅಂದ್ರಲ್ರೀ, ಧಣೀ,” ಅಂದ.

“ಮುಂಜಾನಿಂದ ಕಚೇರ್ಯಾಗ ಇದ್ದೀನಿ. ನನ್ನ ಮಾರಿಗೇ ಸುಳ್ಳ ಹೇಳ್ತೀಯೇನು?”

ಆತ ನಮ್ಮೆಲ್ಲರ ಮುಖ ಒಂದು ಸುತ್ತು ನೋಡಿದ. ನಾನು ಬಾವಿಯ ಕಡೆ ನೋಡಿದೆ. ಕೊಡಲಿ ಹೆಗಲಿಗೇರಿಸಿ, ಅವ್ವ ಬಡಿಸಿಟ್ಟ ಊಟವನ್ನೂ ಮುಟ್ಟದೆ ಕಮಲಾಪುರದ ದಾರಿ ಹಿಡಿದ.

ಎರಡು ದಿನ ನನಗೆ ಕೂತರೆ ನೆಲ ಚುಚ್ಚಿತು, ಮಲಗಿದರೆ ಹಾಸಿಗಿ. ತನ್ನ ತವರೂರಾಗ ಆತನ ಮಾತಿಗೆ ಸಾಕ್ಷಿ ಬೇಕಾಗಿರಲಿಲ್ಲ, ಇನ್ನು ಮ್ಯಾಲೆ ಸುಳ್ಳ ಎಂದೇ ಕರೀತಾರ ಎಂದು ಅವ್ವ ಒಲೆಯ ಮುಂದೆ ಕೂತು ಹೇಳುತ್ತಿದ್ದಳು. ಮೂರನೇ ದಿನ ಅಪ್ಪ ಕಚೇರಿಗೆ ರುಮಾಲು ಸುತ್ತುವಾಗ ಎಲ್ಲ ಒಪ್ಪಿಕೊಂಡೆ. ಅವರು ನಂಬಲಿಲ್ಲ. ತವರಿನ ಮನುಷ್ಯನನ್ನು ಉಳಿಸಲಿಕ್ಕೆ ಅವ್ವನೇ ಹೇಳಿಸಿದ್ದಾಳೆ ಎಂದುಕೊಂಡರು. ಬೇರೆ ದಾರಿಯೇ ಇರಲಿಲ್ಲ. ಅಪ್ಪನ ಎದುರಿಗೆ ನಿಂತು, ಎರಡು ಸರ್ತಿ ಕೆಮ್ಮಿ, ಅವರದೇ ದನಿಯಲ್ಲಿ ಅದೇ ಮಾತು ಅಂದೆ.

ಒಳಮನೆಯಿಂದ ಅಜ್ಜಿ ಕೇಳಿದಳು: “ಇನ್ನೇನ್ ಕಡಸ್ತೀಯೋ ಮಗನ? ಸುಮ್ನ ಕಚೇರಿಗೆ ಹೋಗಬಾರದೇನು?”

ಅಪ್ಪನ ರುಮಾಲು ಕೈಯಲ್ಲೇ ಉಳಿಯಿತು. ಹೊಡೆಯಲಿಲ್ಲ. ಕಮಲಾಪುರಕ್ಕೆ ಹೋಗಿ ಅವನ ಮಂದಿಯ ಮುಂದೆ ಇದನ್ನೇ ಹೇಳಿ ಬಾ ಎಂದರಷ್ಟೇ.

ಕಿರಾಣಿ ಸಾಮಾನಿನ ಬಂಡಿ ಹತ್ತಿ ಹೋದೆ. ಹೇಳಬೇಕಾದ ಮಾತು ಹೊಂದಿಸುತ್ತ ಇಡೀ ದಾರಿ ಎತ್ತುಗಳಿಗಿಂತ ಹೆಚ್ಚು ನಾನೇ ತಲೆ ಆಡಿಸಿರಬೇಕು. ಕೆಂಪುಮಣ್ಣಿನ ಅಂಗಳದಾಗ ಆತ ಕೊಡಲಿಗೆ ಹೊಸ ಕಟ್ಟಿಗೆಯ ಕಾವು ಕೂಡಿಸುತ್ತಿದ್ದ; ನಾಲ್ಕಾರು ಮಂದಿ ಕಟ್ಟೆಯ ಮ್ಯಾಲಿದ್ದರು. ಸುದ್ದಿ ಅವರಿಗೆ ಮುಟ್ಟಿತ್ತು. ನಾನು ಕೆಮ್ಮಿದೆ, ಅಪ್ಪನ ದನಿ ತೆಗೆದೆ. ಕಟ್ಟೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು, ಇನ್ನೊಮ್ಮೆ ಮಾಡಿಸಿದರು. ನಾಚಿಕೆಗೇಡಿ ನಾನು, ಮಾಡಿದೆ.

ಆತ ನಗಲಿಲ್ಲ. “ಛಲೋ ಬರ್ತದ. ಈಗ ನಿಮ್ಮ ದನಿಯಾಗ ಹೇಳ್ರೀ.”

ಬಾಯಿ ತೆರೆದೆ. ಮೊದಲು ವಕೀಲರ ರಾಗ ಬಂತು, ನಡುವೆ ನಮ್ಮ ಉರ್ದು ಮಾಸ್ತರರ ಮೂಗು ಬಂತು. ಮೂರನೇ ಸರ್ತಿಗೆ ಒಂದು ತೆಳ್ಳನೆಯ, ನನಗೇ ಗುರುತಿಲ್ಲದ ದನಿ ಹೊರಟಿತು: “ಕಡಿ ಅಂದಾಂವ ನಾನ. ಇವ್ರು ಸುಳ್ಳ ಹೇಳಿಲ್ಲ.” ಈ ಸಲ ಕಟ್ಟೆಯ ಮ್ಯಾಲೆ ಯಾರೂ ನಗಲಿಲ್ಲ. ಆತ ಅವರ ಕಡೆ ತಿರುಗಿ, ಕೇಳಿದ್ರೇನು ಎಂದ. ಕೇಳಿದೆವು ಎಂದರು.

ಉಳಿದ ಬೊಡ್ಡೆ ಕೀಳಲು ಬರುತ್ತೇನೆ, ಆದರೆ ಬಾವಿಗೆ ಬಿದ್ದ ಕಲ್ಲು ನೀವೇ ತೆಗೆಯಬೇಕು ಎಂದ. ಮೂರು ದಿನ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಆ ರಾಡಿಗೆ ಇಳಿದೆ. ಕಲ್ಲು ಕಟ್ಟಿ, ಎಳಿ ಎಂದು ಕೂಗಿದರೆ ಮ್ಯಾಲಿಂದ ಆತ, ಯಾರು ಹೇಳಾಕತ್ತಾರ ಎಂದು ಕೇಳುತ್ತಿದ್ದ. ನಾನೇ ಎನ್ನುತ್ತಿದ್ದೆ. ಆತ ಕಟ್ಟೆಯಿಂದ ಬಗ್ಗಿ ನನ್ನ ಬಾಯಿ ನೋಡುವನು, ಇನ್ನೊಮ್ಮೆ ಹೇಳಿಸುವನು, ಆಮೇಲೆ ಹಗ್ಗ ಎಳೆಯುವನು.