ಸೈತಾನನನ್ನು ಕಟ್ಟಿಹಾಕಿದ ತಿಂಗಳು

ಕುರುಗೋಡಿನ ನಮ್ಮ ತವರುಮನೆ ಗುಡ್ಡದ ಬುಡದಲ್ಲಿತ್ತು. ರಂಜಾನಿನ ಚಂದ್ರ ಕಂಡ ಸಂಜೆ ಅಕ್ಕ ನನ್ನನ್ನು ಹಿತ್ತಿಲಿಗೆ ಎಳೆದುಕೊಂಡು ಹೋಗಿ ಗುಡ್ಡದ ಕಡೆ ಕೈ ತೋರಿಸುತ್ತಿದ್ದಳು.

“ಕೇಳಾಕತ್ತೈತೇನು? ಸೈತಾನನ್ನ ಸರಪಳಿ ಹಾಕಿ ಬಿಗ್ಯಾಕತ್ತಾರ. ಇನ್ನ ಒಂದು ತಿಂಗಳು ಅವ ಅಲ್ಲೇ.”

ನನಗೆ ನಿಜವಾಗಿಯೂ ಕೇಳಿಸುತ್ತಿತ್ತು. ಪಕ್ಕದ ಮನೆಯವರು ಎತ್ತು ಕಟ್ಟುವ ಸದ್ದು ಅದು ಎಂದು ತಿಳಿಯಲು ಎರಡು ರಂಜಾನ್ ಬೇಕಾದವು. ಆದರೆ ಕಟ್ಟಿಹಾಕುತ್ತಾರೆ ಎಂಬ ಮಾತು ಸುಳ್ಳಲ್ಲ. ಆ ತಿಂಗಳು ದೇವರು ಸೈತಾನನಿಗೆ ಸಂಕೋಲೆ ತೊಡಿಸುತ್ತಾನೆ ಎಂದು ಮಸೀದಿಯ ಹಜರತ್‌ರೂ ಹೇಳುತ್ತಿದ್ದರು. ಗುಡ್ಡ ಮಾತ್ರ ಅಕ್ಕ ಸೇರಿಸಿದ್ದು.

ನನ್ನ ಮೊದಲನೇ ರೋಜಾದ ಉಪವಾಸ ಮಧ್ಯಾಹ್ನದ ಹೊತ್ತಿಗೆ ಮುರಿಯಿತು. ಅಡುಗೆಮನೆಯ ಡಬ್ಬಿಯಿಂದ ಬೆಲ್ಲದ ಉಂಡೆ ತೆಗೆದು, ಹಾಸಿಗೆ ಒಟ್ಟುವ ಮೂಲೆಯಲ್ಲಿ ಕೂತು ತಿಂದೆ. ಇರುವೆಗಳು ಸಾಲುಗಟ್ಟಿ ನನ್ನ ಲಂಗದವರೆಗೆ ಬಂದು ಹೇಳಿಬಿಟ್ಟವು. ಅವ್ವ ಕೇಳಿದಾಗ, ಸೈತಾನ ತಿನ್ನು ಅಂದ, ತಿಂದೆ ಎಂದೆ. ಅವ್ವ ನಗಲಿಲ್ಲ.

“ಅವನ್ನ ಕಟ್ಟಿಹಾಕಿ ನಾಕು ದಿನ ಆತು. ಹಂಗಾರ ಬೆಲ್ಲ ತಿಂದಾಕಿ ಯಾರು?”

ಅಕ್ಕನಿಗೆ ಈ ಮಾತು ಬಲು ರುಚಿಸಿತು. ಅಂದಿನಿಂದ ಮನೆಯಲ್ಲಿ ಸೂಜಿ ಕಳೆದರೂ, ಹಾಲು ಉಕ್ಕಿದರೂ ನನ್ನ ಮುಖ ನೋಡಿ, “ಹಂಗಾರ ಬೆಲ್ಲ ತಿಂದಾಕಿ ಯಾರು?” ಎನ್ನುವಳು.

ನಾವು ಹತ್ತಿ ಎಕ್ಕುವ ಪಿಂಜಾರರು. ಮನೆಯ ಮಾತು ಕನ್ನಡ, ಮಸೀದಿಯಲ್ಲಿ ಅರಬ್ಬಿ, ಪೇಟೆಗೆ ಹೋದರೆ ಉರ್ದು, ತೆಲುಗು ಎರಡೂ. ಅಪ್ಪ ಮನೆಯ ಪಡಸಾಲೆಯಲ್ಲಿ ದೊಡ್ಡ ಬಿಲ್ಲು ತೂಗುಹಾಕಿಕೊಂಡು ಹತ್ತಿ ಎಕ್ಕುತ್ತಿದ್ದ. ಒಂದು ದಿನ ಅವನ ಮುಂದೆ ಕೂತು ಕೇಳಿದೆ: ದೇವರು ಅಷ್ಟು ದೊಡ್ಡವನಿದ್ದರೆ ಸೈತಾನನನ್ನು ವರ್ಷಪೂರ್ತಿ ಯಾಕೆ ಕಟ್ಟಿಹಾಕುವುದಿಲ್ಲ? ಅಪ್ಪ ಬಿಲ್ಲಿನ ಹುರಿಗೆ ಬಡಿಯುವ ಕೊಡತಿ ಕೆಳಗಿಟ್ಟು, ಬಿಲ್ಲಿನ ಕೆಳಗೆ ಬಿದ್ದಿದ್ದ ಬೀಜದ ಸಿಪ್ಪೆ, ಒಣ ಎಲೆಯ ಪುಡಿ ತೋರಿಸಿದ.

“ಈ ಕಸ ಬಿಲ್ಲು ತಂತೇನು?”

“ಇಲ್ಲ. ಹತ್ತಿಯಾಗ ಇತ್ತು.”

“ಬಿಲ್ಲು ಬಡೀತು, ಕೆಳಗ ಬಿತ್ತು. ಅವನ ಕೆಲಸಾನೂ ಅಷ್ಟವಾ. ಬಡೀತಾನ. ಅದೂ ಮ್ಯಾಲಿನಾವ ಬಿಟ್ಟಷ್ಟ. ಇಲ್ಲದ ಕಸ ತಂದು ಹಾಕಾಕ ಅವಗ ಬರಂಗಿಲ್ಲ.”

ಆಗ ಇದು ಹತ್ತಿಯ ಮಾತು ಎಂದುಕೊಂಡಿದ್ದೆ.

ನನ್ನನ್ನು ಬಳ್ಳಾರಿಗೆ ಕೊಟ್ಟರು, ಅಕ್ಕನನ್ನು ಸಿರುಗುಪ್ಪಕ್ಕೆ. ಬ್ರೂಸ್‌ಪೇಟೆಯ ಹಿಂದಿನ ಓಣಿಯಲ್ಲಿ ನಮ್ಮವರದು ಗಾದಿ ಅಂಗಡಿ. ಈಗ ಹತ್ತಿಗೆ ಮಿಷಿನ್ ಬಂದಿದೆ, ಜನ ಫೋಮಿನ ಗಾದಿ ಕೇಳುತ್ತಾರೆ. ಆದರೂ ಮದುವೆಗೆ ಹತ್ತಿಯ ಗಾದಿಯೇ ಆಗಬೇಕು ಎನ್ನುವವರು ಇನ್ನೂ ಇದ್ದಾರೆ. ಅವಕ್ಕೆ ದಬ್ಬಣ ಹಿಡಿದು ಹೊಲಿಗೆ ಹಾಕುವವಳು ನಾನೇ.

ಅಕ್ಕನಿಗೆ ಒಬ್ಬಳೇ ಮಗಳು. ಹನ್ನೆರಡು ವರ್ಷದವಳಿದ್ದಾಗ ಅವಳು ನಿಂತಲ್ಲೇ ಬೀಳತೊಡಗಿದಳು. ಕೈಕಾಲು ಸೆಟೆದು ಬಾಯಲ್ಲಿ ನೊರೆ. ಓಣಿಯವರು ಸೈತಾನನ ನೆರಳು ಎಂದರು. ನಾನೇ ಹಟ ಹಿಡಿದು ಸಿರುಗುಪ್ಪಕ್ಕೆ ಹೋಗಿ ಬಳ್ಳಾರಿಯ ಡಾಕ್ಟರ ಹತ್ತಿರ ಕರೆತಂದೆ. ಬಸ್ಸಿನಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಇದು ಮಿದುಳಿನ ಕಾಯಿಲೆ, ಬೆಳಿಗ್ಗೆ ಒಂದು ಗುಳಿಗೆ, ಸಂಜೆ ಒಂದು, ತಪ್ಪಿಸಬೇಡಿ ಎಂದರು ಡಾಕ್ಟರು. ಹದಿನಾರರ ಮೇಲೆ, ಗುಳಿಗೆ ನುಂಗುತ್ತಿದ್ದಷ್ಟು ದಿನ, ಅವಳು ಒಮ್ಮೆಯೂ ಬೀಳಲಿಲ್ಲ. ಓದಬಹುದು, ಮದುವೆಯಾಗಬಹುದು, ಏನೂ ಅಡ್ಡಿಯಿಲ್ಲ ಎಂದು ಅದೇ ಡಾಕ್ಟರು ನನ್ನ ಎದುರಿಗೇ ಹೇಳಿದರು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿತ್ತು ಎಂಬುದನ್ನೇ ಇಲ್ಲಿ ಮೊದಲು ಬರೆದಿಡಬೇಕು.

ಹೋದ ವರ್ಷದ ರಂಜಾನ್, ಹದಿನಾಲ್ಕನೇ ರೋಜಾ. ಮಧ್ಯಾಹ್ನ ನಮ್ಮವರು ನಮಾಜಿಗೆ ಹೋಗಿದ್ದರು. ನಾನು ಅಂಗಡಿಯಲ್ಲಿ ಕೂತು ದಿಂಬಿನ ಹತ್ತಿ ಬಿಡಿಸುತ್ತಿದ್ದೆ. ಎರಡು ಓಣಿ ಆಚೆಯ ಹೆಂಗಸೊಬ್ಬರು ಬಂದರು. ಪರಿಚಯದವರೇ. ಅವರ ಮಗ ಕುಡತಿನಿಯಲ್ಲಿ ಕರೆಂಟಿನ ಕೆಲಸ ಮಾಡುತ್ತಾನೆ.

“ಮದುವಿ ಗಾದಿ ಹೆಂಗೂ ನಿಮ್ಮ ಕಡೇದ ಬರ್ತೈತಿ. ಬಟ್ಟಿ ಆದ್ರೂ ನಾನು ಆರಿಸ್ತೀನಿ ಅಂತ ಬಂದೆ,” ಎಂದರು.

“ನಮ್ಮ ಕಡೇದು ಅಂದ್ರ?”

“ನಿಮ್ಮ ಅಕ್ಕನ ಮಗಳನ್ನ ನನ್ನ ಮಗಗ ಕೇಳೀವಲ್ರೀ. ನಿಮಗ ಹೇಳಿಲ್ಲೇನು?”

“ಹೇಳ್ಯಾಳ, ಹೇಳ್ಯಾಳ,” ಎಂದೆ. ಹೇಳಿರಲಿಲ್ಲ.

ಅವರು ಬಟ್ಟೆಯ ಥಾನುಗಳನ್ನು ಒಂದೊಂದೇ ಬಿಚ್ಚಿ ನೋಡುತ್ತಿದ್ದರು. ಕೆಂಪಿನ ಮೇಲೆ ಬಿಳಿ ಗೆರೆಯದು ಹಿಡಿಸಿತು. ನಾನು ಹತ್ತಿ ಬಿಡಿಸುತ್ತಲೇ ಇದ್ದೆ. ನನ್ನ ಮನೆಯಿಂದ ಎರಡೇ ಓಣಿ ಆಚೆಯ ಸಂಬಂಧ. ನನ್ನ ತೊಡೆಯ ಮೇಲೆ ಮಲಗಿ ಬಂದ ಹುಡುಗಿ. ನನ್ನನ್ನು ಒಂದು ಮಾತು ಕೇಳಲಿಲ್ಲ. ಮದುವೆಯ ಸುದ್ದಿಯನ್ನು ನಾನು ಗಿರಾಕಿಯ ಬಾಯಿಂದ ಕೇಳಬೇಕಾಯಿತು.

ಅವರು ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ದನಿ ಇಳಿಸಿದರು.

“ನೀವು ಚಿಗವ್ವ ಅದೀರಿ, ನಿಮ್ಮನ್ನ ಕೇಳೋದ ಚಲೋ. ಹುಡುಗಿ ಸಣ್ಣಾಕಿ ಇದ್ದಾಗ ಬೀಳ್ತಿದ್ಲಂತ ಯಾರೋ ಅಂದ್ರು. ಈಗ ಏನರ ಐತೇನ್ರೀ?”

‘ಬೀಳ್ತಿದ್ದದ್ದು ಖರೆ. ಗುಳಿಗಿ ತಗೋತಾಳ, ಆರು ವರ್ಷ ಆತು ಬಿದ್ದಿಲ್ಲ. ಬರ್ರಿ, ಡಾಕ್ಟರ ಹತ್ರ ನಾನ ಕರ್ಕೊಂಡು ಹೋಗ್ತೀನಿ.’ ಇಷ್ಟು ಹೇಳಬೇಕಿತ್ತು. ಮಾತು ನಾಲಿಗೆಯ ಮೇಲೆ ಇತ್ತು ಕೂಡ. ನಾನು ಹೇಳಿದ್ದು ಬೇರೆ.

“ಅಲ್ಲಾಗ ಗೊತ್ತವಾ. ನಾ ಏನ ಹೇಳ್ಲಿ? ರೋಜಾ ಹಿಡದೀನಿ, ಸುಳ್ಳು ಹೇಳಾಕ ಬರಂಗಿಲ್ಲ.”

ಅವರು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದರು. ಆಮೇಲೆ ಬಟ್ಟೆಯನ್ನು ಮಡಿಕೆಯ ಗೆರೆ ಸರಿಹೋಗುವಂತೆ ಮಡಿಚಿ ಕಟ್ಟೆಯ ಮೇಲಿಟ್ಟರು.

“ಇರ್ಲಿ ಬಿಡ್ರಿ. ಹಬ್ಬ ಆದ ಮ್ಯಾಲೆ ನೋಡೋಣು.”

ಅವರು ಓಣಿಯ ಮೂಲೆ ತಿರುಗುವವರೆಗೂ ಕೂಗಿ ಕರೆಯಲು ಸಮಯವಿತ್ತು. ಚಪ್ಪಲಿಯ ಒಂದು ಪಟ್ಟಿ ಬಿಚ್ಚಿ ಅವರು ಒಮ್ಮೆ ನಿಂತರು ಕೂಡ. ನಾನು ಹತ್ತಿ ಬಿಡಿಸಿದೆ.

ಸಂಜೆ ಅಜಾನ್ ಆಯಿತು. ಖರ್ಜೂರ ಬಾಯಿಗಿಟ್ಟು ನೀರು ಕುಡಿಯುವಾಗ ಮನಸ್ಸಿಗೆ ಒಂದು ಸಮಾಧಾನ ಹುಡುಕಿಕೊಂಡೆ: ಸೈತಾನ ಬಾಯಲ್ಲಿ ಕೂತು ಆಡಿಸಿದ. ಅಷ್ಟರಲ್ಲೇ ತೀರಿಹೋದ ಅವ್ವನ ಹಳೆಯ ಮಾತು ಕಿವಿಯಲ್ಲಿ ಕೇಳಿಸಿತು. ಅವನನ್ನು ಕಟ್ಟಿಹಾಕಿ ಹದಿನಾಲ್ಕು ದಿನವಾಗಿತ್ತು.

ನಾಲ್ಕು ದಿನದ ಮೇಲೆ ಅಕ್ಕ ಫೋನು ಮಾಡಿದಳು. ಒಂದು ಸಂಬಂಧ ಬಂದಿತ್ತು, ಮುರಿಯಿತು, ಯಾಕೆಂದು ಅವರು ಹೇಳುತ್ತಿಲ್ಲ ಎಂದಳು. “ಯಾರ ಕಣ್ಣು ಬಿತ್ತೋ,” ಎಂದು ಅತ್ತಳು. ನಾನು, “ಎಲ್ಲಾ ಅಲ್ಲಾನ ಮರ್ಜಿ,” ಎಂದೆ. ಎರಡನೇ ಸಲ ದೇವರ ಹೆಸರನ್ನು ಅಡ್ಡ ಹಿಡಿದುಕೊಂಡದ್ದು ಅದು.

ಹಬ್ಬ ಮುಗಿದು ತಿಂಗಳೊಳಗೆ ಆ ಹೆಂಗಸು ಮತ್ತೆ ಅಂಗಡಿಗೆ ಬಂದರು. ಮಗನಿಗೆ ರೂಪನಗುಡಿಯ ಹುಡುಗಿ ನಿಶ್ಚಯವಾಗಿದ್ದಳು. ಜೊತೆಗೆ ಹುಡುಗಿಯ ತಂದೆಯೂ ಇದ್ದರು. ಅದೇ ಕೆಂಪು ಬಟ್ಟೆ, ಬಿಳಿ ಗೆರೆ. ನಮ್ಮವರು ಅಳತೆ ಬರೆದುಕೊಂಡರು. ಎರಡು ದಿನ ಕೂತು ನಾನೇ ಹೊಲಿದೆ. ಹೊಲಿಗೆ ಇಷ್ಟು ಸಮನಾಗಿ ಯಾವತ್ತೂ ಬಂದಿರಲಿಲ್ಲ ಎಂದು ನಮ್ಮವರು ಮೆಚ್ಚಿದರು.

ಆಮೇಲೆ ಒಂದು ಮಧ್ಯಾಹ್ನ ಅಕ್ಕನ ಮಗಳ ಫೋನು ಬಂತು. ಪಿಸುಮಾತಿನಲ್ಲಿ ಆಡುತ್ತಿದ್ದಳು.

“ಚಿಗವ್ವ, ನನ್ನ ಮೈಯಾಗ ಸೈತಾನ ಐತಂತ. ತಾಯತ ಕಟ್ಟೋರು ಹೇಳಿದ್ರು. ಮದುವಿ ತಪ್ಪಿಸಿದ್ದೂ ಅವನಂತ. ಅವ್ವ ಗುಳಿಗಿ ಬಿಡಿಸ್ಯಾಳ.”

“ಎಷ್ಟು ದಿನ ಆತು?”

“ಹದಿನೈದು. ಮೊನ್ನೆ ನಳದ ಹತ್ರ ಬಿದ್ದೆ, ತುಟಿ ಒಡದೈತಿ. ಚಿಗವ್ವ, ನಮಾಜಿಗೆ ನಿಂತ್ರ ಹೆದರಿಕಿ ಬರ್ತೈತಿ. ಅಲ್ಲಾನ ಮುಂದ ನಾ ಅವನ್ನೂ ಕರ್ಕೊಂಡು ನಿಂತಂಗ ಅನಸ್ತೈತಿ.”

ಆ ಹುಡುಗಿಯ ಮೈಯಲ್ಲಿ ಸೈತಾನ ಇಲ್ಲವೆಂದು ಖಚಿತವಾಗಿ ಗೊತ್ತಿದ್ದವಳು ನಮ್ಮ ಮನೆತನದಲ್ಲಿ ನಾನೊಬ್ಬಳೇ. ಆ ಮದುವೆ ಮುರಿದವಳು ನಾನಾದ್ದರಿಂದ.

ಮರುದಿನ ಬೆಳಿಗ್ಗೆ ಸಿರುಗುಪ್ಪದ ಬಸ್ಸು ಎದುರಿಗೇ ನಿಂತಿತ್ತು. ಹತ್ತಲಿಲ್ಲ. ಕುರುಗೋಡಿನ ಬಸ್ಸು ಹತ್ತಿದೆ. ಅಪ್ಪ ಅವ್ವನ ಗೋರಿಯ ಹತ್ತಿರ ಹೋಗಿ ನಿಂತು, ಜಾಲಿಯ ಕಸ ಕಿತ್ತು ಹಾಕಿ, ಗುಡ್ಡ ನೋಡಿದೆ. ಹೊತ್ತು ಕಳೆಯಲು ಬಂದಿದ್ದೇನೆ ಎಂದು ನನಗೇ ತಿಳಿಯಿತು. ಅಲ್ಲಿಂದ ಸಿರುಗುಪ್ಪಕ್ಕೆ ಇನ್ನೊಂದು ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಭತ್ತದ ಗದ್ದೆ. ನಾನು ಮನಸ್ಸಿನೊಳಗೆ ಮಾತು ಜೋಡಿಸುತ್ತಿದ್ದೆ.

ಅಕ್ಕ ಪಡಸಾಲೆಯಲ್ಲಿ ಕಾಲು ಚಾಚಿ ಅಕ್ಕಿ ಹಸನು ಮಾಡುತ್ತಿದ್ದಳು. ಭಾವ ರೈಸ್‌ಮಿಲ್ಲಿಗೆ ಹೋಗಿದ್ದರು.

“ಏನಲೇ, ಹೇಳದ ಕೇಳದ ಬಂದೀ?”

“ಹುಡುಗಿನ್ನ ನೋಡಾಕ ಬಂದೆ. ಅಕ್ಕ, ಗುಳಿಗಿ ಮತ್ತ ಸುರು ಮಾಡು.”

“ರೋಗ ಇದ್ರ ಗುಳಿಗಿ. ಸೈತಾನಗ ಗುಳಿಗಿ ನುಂಗಿಸ್ಲೇನು, ಊಟ ಆದ ಮ್ಯಾಲೆ ಒಂದು ಅಂತ?” ದುಃಖವಾದಾಗ ಅಕ್ಕ ಹೀಗೇ ಚೇಷ್ಟೆ ಮಾಡುತ್ತಾಳೆ. “ಹುಡುಗನ ಅವ್ವ, ಗಾದಿ ಬಟ್ಟಿ ಆರಿಸಾಕ ಹೋಗ್ತೀನಿ ಅಂತ ಫೋನ್‌ನ್ಯಾಗ ನಕ್ಕೋತ ಹೇಳಿದಾಕಿ, ಸಂಜಿಗೆ ಬ್ಯಾಡ ಅಂದ್ಲು. ಒಂದು ಮಧ್ಯಾನದಾಗ ಮನಸ್ಸು ತಿರುವಿದ್ದು ಮತ್ತ್ಯಾರು?”

“ಅವತ್ತು ಎಷ್ಟನೇ ರೋಜಾ?”

“ಹದಿನಾಕು.”

“ಆ ತಿಂಗಳು ಅವನ್ನ ಗುಡ್ಡಕ್ಕ ಕಟ್ಟಿಹಾಕಿರ್ತಾರಂತ ನೀನ ಹೇಳ್ತಿದ್ದಿ.”

ಅಕ್ಕ ನಕ್ಕಳು. “ಸಣ್ಣಾಕಿನ್ನ ಹೆದರಿಸಾಕ ಹೇಳಿದ್ದದು...” ಎಂದವಳ ಕೈ ಅಕ್ಕಿಯ ಮೇಲೆ ನಿಂತಿತು. ಗಾದಿ ಬಟ್ಟೆ ಬಳ್ಳಾರಿಯಲ್ಲಿ ಯಾರ ಅಂಗಡಿಯಲ್ಲಿ ಆರಿಸುತ್ತಾರೆ ಎಂಬುದು ಆಗ ಅವಳಿಗೆ ಹೊಳೆದಿರಬೇಕು. ನಾನು ಅವಳ ಮುಖ ನೋಡದೆ, ಮೊರದ ಅಕ್ಕಿ ನೋಡುತ್ತ ಎಲ್ಲ ಹೇಳಿದೆ. ಆಡಿದ ಮಾತನ್ನು ಆಡಿದ ಹಾಗೇ ಒಪ್ಪಿಸಿದೆ. ಚಪ್ಪಲಿಯ ಪಟ್ಟಿ ಬಿಚ್ಚಿ ಅವರು ನಿಂತದ್ದನ್ನೂ ಹೇಳಿದೆ.

ಅಕ್ಕ ಮೊರವನ್ನು ಹತ್ತಿರ ಎಳೆದುಕೊಂಡಳು. ಒಂದು ಕಲ್ಲು ಆರಿಸಿ ಆಚೆ ಎಸೆದಳು.

“ಹಂಗಾರ ಬೆಲ್ಲ ತಿಂದಾಕಿ ನೀನ,” ಎಂದಳು. ಈ ಸಲ ಅದರಲ್ಲಿ ನಗೆ ಇರಲಿಲ್ಲ.

“ನನಗ ಹೇಳಲಿಲ್ಲಲ್ಲ ಅಂತ ಹೊಟ್ಟಿ ಉರೀತು.”

“ಹಬ್ಬಕ್ಕ ನಿನ್ನ ಮನಿಗೆ ಬಂದು ಎದುರಿಗೆ ಹೇಳಬೇಕಂತಿದ್ದೆ. ಸೀರಿ ತಂದಿಟ್ಟಿದ್ದೆ ನಿನಗ. ಗುಳಿಗಿ ವಿಷಯಾನೂ ನಿನ್ನ ಕಡಿಂದಾನ ಅವರಿಗೆ ಹೇಳಿಸಬೇಕಂತಿದ್ದೆ. ನನ್ನಕಿಂತ ನಿನಗ ಚಲೋ ಗೊತ್ತೈತಿ ಅಂತ.”

ಬಾಗಿಲ ಹಿಂದೆ ಹುಡುಗಿ ನಿಂತಿದ್ದಳು. ತುಟಿಯ ಗಾಯ ಒಣಗಿ ಕಪ್ಪಾಗಿತ್ತು. ಎಲ್ಲ ಕೇಳಿಸಿಕೊಂಡಿದ್ದಳು. ನನ್ನನ್ನು ಬೈಯುತ್ತಾಳೆ ಎಂದುಕೊಂಡೆ.

“ಹಂಗಾದ್ರ ನನ್ನ ಮೈಯಾಗ ಯಾರೂ ಇಲ್ಲೇನು, ಚಿಗವ್ವ?”

“ಯಾರೂ ಇಲ್ಲವಾ. ನೀನಷ್ಟ ಅದೀ.”

ಅವಳು ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟಳು. ಅತ್ತಳೋ ನಕ್ಕಳೋ, ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಿದ್ದರಿಂದ ತಿಳಿಯಲಿಲ್ಲ. ಅಕ್ಕ ಎದ್ದು ಹೋಗಿ ಕಪಾಟಿನ ಮೇಲಿನಿಂದ ಗುಳಿಗೆಯ ಹಾಳೆ ತಂದು ಮಗಳ ಮುಂದಿಟ್ಟಳು. ಇಷ್ಟು ದಿನ ಬಿಟ್ಟ ಮೇಲೆ ಡಾಕ್ಟರನ್ನು ಒಂದು ಮಾತು ಕೇಳೋಣ ಎಂದು ನಾನು ಅಲ್ಲಿಂದಲೇ ಫೋನು ಮಾಡಿದೆ. ನಾಳೆಯೇ ಕರೆದುಕೊಂಡು ಬನ್ನಿ ಎಂದರು.

ಅಕ್ಕ ನನಗೆ ಊಟಕ್ಕೆ ಬಡಿಸಿದಳು. ಎರಡನೇ ಸಲ ಅನ್ನ ಬೇಕೇ ಎಂದು ಬಾಯಲ್ಲಿ ಕೇಳದೆ, ಸೌಟು ತೋರಿಸಿ ಕೇಳಿದಳು. ಹೊರಡುವಾಗ ಬಾಗಿಲಲ್ಲಿ ನಿಂತು, “ನೀ ಬರಬ್ಯಾಡ ಅನ್ನಂಗಿಲ್ಲ. ನಾ ನಿನ್ನ ಮನಿಗೆ ಬರಾಕ ಆಗಂಗಿಲ್ಲ,” ಎಂದಳು.

ಮರುದಿನ ಅವರು ಬಳ್ಳಾರಿಗೆ ಬಂದು ಡಾಕ್ಟರನ್ನು ಕಂಡು ಹೋದರು. ನಮ್ಮ ಓಣಿಗೆ ಬರಲಿಲ್ಲ. ಕುಡತಿನಿಯಲ್ಲಿ ಕೆಲಸ ಮಾಡುವ ಹುಡುಗನ ತಾಯಿಗೂ ಹೋಗಿ ನಿಜ ಹೇಳಿದೆ. ಅವರು ಚಹಾ ಕೊಟ್ಟು, “ಈಗ ಹೇಳಿದ್ರ ಏನು ಬಂತ್ರೀ?” ಎಂದರು. ಬೇರೇನೂ ಅನ್ನಲಿಲ್ಲ.

ಅಂದಿನಿಂದ ಹುಡುಗಿ ದಿನಾ ಸಂಜೆಯ ಗುಳಿಗೆ ನುಂಗಿ ನನಗೊಂದು ಮಿಸ್‌ಕಾಲ್ ಕೊಡುತ್ತಾಳೆ. ಕೊಡು ಎಂದು ನಾನು ಕೇಳಿರಲಿಲ್ಲ. ಒಂದು ರಿಂಗು, ಕಟ್. ಆಮೇಲೆ ಅವಳು ಬಿದ್ದಿಲ್ಲ.

ಈಗ ಮತ್ತೆ ರಂಜಾನ್. ಸೈತಾನನನ್ನು ಕಟ್ಟಿಹಾಕಿದ ತಿಂಗಳು ಎಂದರೆ ಚಿಕ್ಕಂದಿನಲ್ಲಿ ಧೈರ್ಯ ಬರುತ್ತಿತ್ತು. ಈಗ ಎಲ್ಲಕ್ಕಿಂತ ಹೆಚ್ಚು ನನಗೆ ಭಯವಾಗುವುದು ಈ ತಿಂಗಳೇ. ಉಳಿದ ಹನ್ನೊಂದು ತಿಂಗಳು ತಪ್ಪನ್ನು ಅವನ ಮೇಲೆ ಹಾಕಿ ಬದುಕಬಹುದು. ಅಂಗಡಿಯಲ್ಲಿ ಯಾರಾದರೂ ಯಾರ ಮನೆಯ ಹುಡುಗಿಯ ಬಗ್ಗೆಯಾದರೂ ಕೇಳಿದರೆ, ಕೈಯಲ್ಲಿನ ಹತ್ತಿ ಕೆಳಗಿಟ್ಟು, ಉಸಿರು ಒಳಗೆ ತೆಗೆದುಕೊಂಡು ಉತ್ತರ ಹೇಳುತ್ತೇನೆ.

ನಿನ್ನೆ ಹದಿನಾಲ್ಕನೇ ರೋಜಾ. ಅಜಾನ್ ಆಗಿ, ಖರ್ಜೂರ ಕೈಯಲ್ಲಿ ಹಿಡಿದಿದ್ದೆ. ಫೋನು ಹೊಡೆದುಕೊಂಡಿತು, ಒಂದು ರಿಂಗಿಗೆ ನಿಲ್ಲಲಿಲ್ಲ. ನೋಡಿದರೆ ಹುಡುಗಿಯ ನಂಬರಲ್ಲ, ಅಕ್ಕನದು.

“ನುಂಗ್ಯಾಳ,” ಎಂದಳು.

“ಅಕ್ಕ,” ಎಂದೆ.

ಆ ಕಡೆ ಅವರ ಓಣಿಯ ಮಸೀದಿಯ ಸದ್ದು, ಪಾತ್ರೆಯ ಸದ್ದು ಕೇಳಿಸುತ್ತಿತ್ತು. ಅವಳು ಫೋನು ಇಡಲಿಲ್ಲ. ಆಮೇಲೆ, “ನೀ ರೋಜಾ ಬಿಟ್ಟಿಲ್ಲೇನು ಇನ್ನ? ನೀರು ಕುಡಿ,” ಎಂದು ಇಟ್ಟಳು.